ಫಕೀರಿಗೆ ಕೈ ಬಂದ ವರ್ಷ

ಮೊಹರಂ ಹತ್ತಿರ ಬಂದಾಗ ಬಳ್ಳಾರಿಯ ನಮ್ಮ ಪಾರ್ವತಿನಗರದ ಹಿಂದಿನ ಓಣಿಯಿಂದ ಊದಿನ ಹೊಗೆ ಬರುತ್ತದೆ. ಆ ವಾಸನೆಗೆ ಎಂಥವರ ಕೈಯೂ ತಾನಾಗಿ ಹಣೆಗೆ ಹೋಗುತ್ತದೆ. ನಾನು ಎದ್ದು ಹೋಗಿ ಕಿಟಕಿ ಹಾಕುತ್ತೇನೆ. ಈ ವರ್ಷವೂ ಹಾಕಿದೆ. "ಏನ್ರೀ ಟೀಚರ್, ದೇವರ ಹೊಗಿಗೆ ಯಾರಾದ್ರೂ ಕಿಟಕಿ ಹಾಕ್ತಾರೇನ್ರಿ?" ಎಂದು ಎದುರು ಮನೆಯಾಕೆ ಕೇಳಿದಳು. "ಕೆಮ್ಮು ಬರ್ತೈತ್ರಿ" ಅಂದೆ. ಸುಳ್ಳು. ಮೊಹರಮ್ಮಿಗೆ ಕೂಡಿಸುವ ಪೀರಲ ದೇವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಪಾಪ, ಅವನೇನು ಮಾಡಿದ? ಆ ಒಂದು ಮಳೆಗಾಲ ನೆನಪಾಗುತ್ತದೆ, ಅಷ್ಟೇ.

ಕೊರೊನಾ ಮುಗಿದು ಶಾಲೆಗಳು ಸರಿಯಾಗಿ ತೆರೆದ ವರ್ಷ ಅದು. ನಾನು ಕುರುಗೋಡಿನ ಒಂದು ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುತ್ತಿದ್ದೆ. ಬಳ್ಳಾರಿಯಿಂದ ದಿನಾ ಬಸ್ಸಿನ ಓಡಾಟ. ತಮ್ಮ ಗಾದಿಲಿಂಗ ಸಿರುಗುಪ್ಪದ ಹತ್ತಿರ ನಮ್ಮೂರಿನಲ್ಲೇ ಇದ್ದು ಕಾಲುವೆ ನೀರಿನ ಮೇಲೆ ನೆಲ್ಲು ಬೆಳೆಯುತ್ತಾನೆ. ಅವನಿಗೂ ಅವನ ಹೆಂಡತಿ ಹುಲಿಗೆಮ್ಮನಿಗೂ ಬಹಳ ವರ್ಷ ಮಕ್ಕಳಾಗಿರಲಿಲ್ಲ. ಕೊನೆಗೆ ನಮ್ಮವ್ವ ಊರ ಪೀರಲ ದೇವರಿಗೆ ಹರಕೆ ಹೊತ್ತಳು: ಒಂದು ಕೂಸು ಕೊಡು, ನಿನ್ನ ಹೆಸರಿಡ್ತೀವಿ, ಐದು ಮೊಹರಂ ಹಸಿರಂಗಿ ತೊಡಿಸಿ ಫಕೀರ ಮಾಡ್ತೀವಿ ಅಂತ. ನಮ್ಮ ಕಡೆ ಇದು ಹೊಸದಲ್ಲ. ಮೂರು ಹೊತ್ತು ವಿಭೂತಿ ಹಚ್ಚುವ ಮನೆಯಲ್ಲೂ ಒಬ್ಬ ಹುಸೇನಪ್ಪ, ಒಬ್ಬ ಫಕೀರಪ್ಪ ಇರುತ್ತಾನೆ. ನಮ್ಮ ಮನೆಯಲ್ಲಿ ಹೆಣ್ಣು ಹುಟ್ಟಿತು, ಫಕೀರಮ್ಮ ಎಂದು ಹೆಸರಿಟ್ಟೆವು. ಕರೆಯುವುದು ಫಕೀರಿ.

ಆ ಬೇಸಿಗೆಯ ರಜೆಗೆ ಫಕೀರಿ ನನ್ನ ಮನೆಗೆ ಬಂದಳು. ಒಂದನೇ ತರಗತಿ ಹೆಸರಿಗೆ ಮುಗಿದಿತ್ತು. ಬಾಯಿ ಅಂದರೆ ಬಾಯಿ! ಬಸ್ಸಿನಲ್ಲಿ ಕಂಡಕ್ಟರನ ಹೆಸರು, ಅವನ ಹೆಂಡತಿಯ ಊರು ಎಲ್ಲ ಕೇಳಿಕೊಂಡು ಇಳಿಯುವ ಹುಡುಗಿ. ನಮ್ಮ ಮನೆಯಲ್ಲಿ ಎರಡು ದಿನ ಕಳೆಯುವಷ್ಟರಲ್ಲಿ ಮೈಮೇಲೆ ಅಲ್ಲಲ್ಲಿ ಕಂದು ಕಲೆಗಳು ಕಂಡವು. ಎಲ್ಲಿ ಬಡಿದುಕೊಂಡೆ ಎಂದು ಕೇಳಿದರೆ, "ಅತ್ತಿ, ನಿಮ್ಮ ಮನಿ ಬಾಗಲಾ ಬಾಳ ಕೆಟ್ಟದ್ದೈತಿ. ನಾ ಸುಮ್ನ ಹೊಂಟಿರ್ತೀನಿ, ಅದೇ ಬಂದು ಹೊಡಿತೈತಿ" ಅಂದಳು. ನಕ್ಕು ನಕ್ಕು ಸಾಕಾಯಿತು. ಆಮೇಲೆ ನಗು ಕಡಿಮೆಯಾಯಿತು.

ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಕೂಡಿಸಿ ಇಳಿಯುತ್ತಿದ್ದಳು, ಮೂರು ವರ್ಷದ ಮಕ್ಕಳ ಹಾಗೆ. ಫ್ರಾಕಿನ ಗುಂಡಿ ಹಾಕಲು ಕೂತರೆ ನಾಲಿಗೆ ಹೊರಗೆ ಚಾಚಿ, ಬೆವತು, ಕೊನೆಗೆ ಗುಂಡಿಯನ್ನೇ ಕಿತ್ತುಬಿಡುತ್ತಿದ್ದಳು. ಚಪ್ಪಲಿ ಎಡದ್ದು ಬಲಕ್ಕೆ. ಪೆನ್ಸಿಲನ್ನು ಒನಕೆ ಹಿಡಿದಂತೆ ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಹಾಳೆ ತೂತು. ಊಟಕ್ಕೆ ಕೂತರೆ ತಟ್ಟೆಯಲ್ಲಿದ್ದಷ್ಟೇ ಅನ್ನ ತಟ್ಟೆಯ ಸುತ್ತ. ಕತೆ ಹೇಳು ಅಂದರೆ ಮಾತ್ರ ಒಂದು ಮಾತೂ ತಪ್ಪುತ್ತಿರಲಿಲ್ಲ.

ಕೊರೊನಾದ ಫಲ ಇರಬೇಕು ಎಂದುಕೊಂಡೆ. ನನ್ನ ತರಗತಿಯಲ್ಲೂ ಪೆನ್ಸಿಲ್ ಹಿಡಿಯಲು ಬಾರದ ಮಕ್ಕಳು ಬೇಕಾದಷ್ಟಿದ್ದರು. ಶಾಲೆಯ ಮುಖವನ್ನೇ ಕಾಣದೆ ಎರಡು ವರ್ಷ ಓಣಿಯಲ್ಲಿ ಬೆಳೆದ ಮಕ್ಕಳಿಗೆ ಕೈ ಹೇಗೆ ಕೂಡಬೇಕು? ಆದರೆ ಜೂನ್ ಮುಗಿಯುವ ಹೊತ್ತಿಗೆ ಕುರುಗೋಡಿನ ಮಕ್ಕಳು ಒಬ್ಬೊಬ್ಬರಾಗಿ ಹಾದಿಗೆ ಬಂದರು. ಫಕೀರಿಯ ಊರಿನಿಂದ ಬರುವ ಸುದ್ದಿ ಮಾತ್ರ ಅದೇ. ಅದೇ ಹೊತ್ತಿಗೆ ಬಳ್ಳಾರಿಯಲ್ಲಿ ನಮಗೊಂದು ತರಬೇತಿ ನಡೆಯಿತು. ತೂಕಡಿಸುತ್ತ ಕೂತಿದ್ದೆ. ಒಬ್ಬ ಮೇಡಂ, "ಬಾಯಿ ಮುಂದ, ಕೈ ಹಿಂದ ಇರೋ ಮಕ್ಕಳನ್ನ ನೋಡ್ರಿ. ಮಾತಿನ್ಯಾಗ ಶ್ಯಾಣ್ಯಾ ಇರ್ತಾರ, ಗುಂಡಿ ಹಾಕಾಕ ಬರಂಗಿಲ್ಲ, ಚೆಂಡು ಹಿಡಿಯಾಕ ಬರಂಗಿಲ್ಲ. ನಾವು ಅಂಥೋರಿಗೆ ಸೋಮಾರಿ ಅಂತ ಹೆಸರಿಡ್ತೀವಿ" ಅಂದರು. ನನ್ನ ತೂಕಡಿಕೆ ಹಾರಿಹೋಯಿತು. ಆಕೆ ನಮ್ಮ ಫಕೀರಿಯನ್ನೇ ಎದುರಿಗೆ ಕೂರಿಸಿಕೊಂಡು ಮಾತಾಡುತ್ತಿದ್ದಂತೆ ಅನ್ನಿಸಿತು.

ಅದೇ ಶನಿವಾರ ಹುಲಿಗೆಮ್ಮ ಮಗಳನ್ನು ಕರೆದುಕೊಂಡು ಬಂದಳು. ಮಕ್ಕಳ ಕೈಕಾಲಿನ ಹಿಡಿತ ತಿದ್ದುವ ಥೆರಪಿಯ ಮೇಡಂ ಒಬ್ಬರನ್ನು ಹುಡುಕಿ ಇಬ್ಬರನ್ನೂ ಅಲ್ಲಿಗೆ ಕರೆದೊಯ್ದೆ. ಅವರು ಫಕೀರಿಯ ಮುಂದೆ ದಾರ, ಮಣಿ ಇಟ್ಟು ಪೋಣಿಸು ಅಂದರು. ಒಂದು ಬಿತ್ತು, ಇನ್ನೊಂದು ಬಿತ್ತು. "ಮೇಡಂ, ಈ ಮಣಿ ನನ್ನ ಮಾತು ಕೇಳಂಗಿಲ್ಲ. ಬ್ಯಾರೆ ಕೊಡ್ರಿ" ಅಂದಳು ಹುಡುಗಿ. ಮೇಡಂ ನಕ್ಕರು. ಒಂಟಿ ಕಾಲಲ್ಲಿ ನಿಲ್ಲಿಸಿದರು, ಚೆಂಡು ಎಸೆದರು, ಗೆರೆಯ ಮೇಲೆ ನಡೆಸಿದರು. ಆಮೇಲೆ ಹುಲಿಗೆಮ್ಮನ ಕಡೆ ತಿರುಗಿದರು.

"ಬುದ್ಧಿ ಚುರುಕೈತಿ ನಿಮ್ಮ ಮಗಳದು. ಏನು ಮಾಡಬೇಕು ಅಂತ ಆಕಿಗೆ ಗೊತ್ತೈತಿ, ಅದನ್ನ ಹೆಂಗ ಮಾಡಬೇಕು ಅನ್ನೋದು ಕೈಗೆ ತಿಳಿಯಂಗಿಲ್ಲ. ಬಿಡಿಸಿ ಬಿಡಿಸಿ ಕಲಿಸಿದ್ರ ಬರ್ತೈತಿ. ತಿಂಗಳುಗಟ್ಟಲೆ ಹಿಡಿತೈತಿ, ಪ್ರತಿ ವಾರ ಬರಬೇಕು. ಒಂದು ಮಾತು ನೆನಪಿಟ್ಕೋರಿ. ಬೇಕಂತ ಮಾಡೋದಲ್ಲ ಇದು. ಬೈಬ್ಯಾಡ್ರಿ, ಹೊಡಿಬ್ಯಾಡ್ರಿ. ಅದೊಂದು ಆದ್ರ ನಾ ಏನು ಕಲಿಸಿದ್ರೂ ನಿಲ್ಲಂಗಿಲ್ಲ."

ಹುಲಿಗೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮೆತ್ತನ ಕೈ ಅಂತ ನಾವು ನಗ್ತಿದ್ವಿ ಯಕ್ಕಾ" ಅಂದಳು ಹೊರಗೆ ಬಂದ ಮೇಲೆ.

ಜುಲೈ ಪೂರ್ತಿ ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ತಾಯಿ ಮಗಳು ಸಿರುಗುಪ್ಪದ ಬಸ್ಸು ಹತ್ತಿ ಬಂದರು. ಮಳೆ ಹಿಡಿದಿತ್ತು. ಕಾಲುವೆಗೆ ನೀರು ಬಿಟ್ಟು, ಊರಲ್ಲಿ ಸಸಿ ಮಡಿ ಹಸಿರಾಗಿ ಎದ್ದು, ನಾಟಿಗೆ ಆಳು ಸಿಗದೆ ಗಾದಿಲಿಂಗ ಒದ್ದಾಡುತ್ತಿದ್ದ. ಅಷ್ಟರ ನಡುವೆಯೂ ಹೆಂಡತಿಯನ್ನು ಕಳಿಸುತ್ತಿದ್ದ. ಅವನಿಗೆ ಮಗಳೆಂದರೆ ಜೀವ. ಮನೆಯಲ್ಲಿ ಫಕೀರಿ ಜೋಳದ ಹಿಟ್ಟು ನಾದಬೇಕು, ಬಟ್ಟೆಯ ಕ್ಲಿಪ್ಪು ಹಗ್ಗಕ್ಕೆ ಸಿಕ್ಕಿಸಬೇಕು, ಗೋಡೆಗೆ ಚೆಂಡು ಎಸೆದು ಹಿಡಿಯಬೇಕು. ತಿಂಗಳ ಕೊನೆಗೆ ಒಂದು ದಿನ ನನ್ನ ಹಳೆಯ ಸ್ವೆಟರಿನ ದೊಡ್ಡ ಗುಂಡಿಯನ್ನು ತಾನೇ ಹಾಕಿ, "ಅತ್ತಿ! ಹೋತು! ಒಳಗ ಹೋತು!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದಳು. ಒಂದೇ ಗುಂಡಿ. ಅದನ್ನು ನೋಡಿ ನಾನು ಅಡುಗೆಮನೆಗೆ ಹೋಗಿ ಅತ್ತೆ.

ಅಷ್ಟರಲ್ಲಿ ಮೊಹರಂ ಬಂತು.

ಹಿಂದಿನ ಎರಡು ವರ್ಷ ಕೊರೊನಾ ಅಂತ ಊರಲ್ಲಿ ಪೀರಲ ದೇವರನ್ನು ಕೂಡಿಸಿರಲಿಲ್ಲ. ಬೆಂಕಿಯ ಸುತ್ತಿನ ಅಲಾಯಿ ಕುಣಿತ ಇಲ್ಲ, ಫಕೀರರೂ ಇಲ್ಲ. ಅಂದರೆ ಫಕೀರಿಯ ಹರಕೆ ನಡುವೆ ಕಡಿದುಹೋಗಿತ್ತು. ಅವ್ವ ಇದನ್ನು ಹಿಡಿದುಕೊಂಡಳು. "ಕೂಸು ಕೊಟ್ಟ ಪೀರಾನೇ ಅದರ ಕೈ ಹಿಡಿದು ನಿಂದ್ರಿಸ್ಯಾನ. ನನ್ನ ಬಾಕಿ ತೀರ್ಸು, ಬಿಡ್ತೀನಿ ಅಂತಾನ. ನೀ ನೋಡಿದ್ರ ಬಳ್ಳಾರಿಗೆ ಕರ್ಕೊಂಡು ಹೋಗಿ ಮಣಿ ಪೋಣಸಾಕ ಹಚ್ಚೀದಿ" ಎಂದು ಫೋನಿನಲ್ಲಿ ನನ್ನ ಮೇಲೆ ಹರಿಹಾಯ್ದಳು.

"ಫಕೀರ ಮಾಡ್ರಿ, ಬ್ಯಾಡಂದೋರು ಯಾರು? ಶನಿವಾರ ಮಾತ್ರ ತಪ್ಪಿಸಬ್ಯಾಡ್ರಿ" ಅಂದೆ.

"ಫಕೀರ ಆದ ಕೂಸು ಊರ ಗಡಿ ದಾಟಂಗಿಲ್ಲ. ಅಷ್ಟೂ ಗೊತ್ತಿಲ್ಲೇನು? ಊರಿಗೆ ಉಪಕಾರಿ, ಮನಿಗೆ ಮಾರಿ ಆಗೀದಿ ನೋಡು ನೀನು."

ಮೊಹರಂ ಮುಗಿಯುವ ದಿನ ಊರಿಗೆ ಹೋದೆ. ಕೆಸರು ತುಳಿಯುತ್ತ ಊರ ಅಗಸಿ ಬಾಗಿಲು ದಾಟಿದರೆ ನನ್ನ ಫಕೀರಿ ಎದುರಿಗೆ ಬಂದಳು. ತಲೆಯ ಮೇಲಿಂದ ತೊಡಿಸಿದ ಹಸಿರು ನಿಲುವಂಗಿ, ಕೊರಳಲ್ಲಿ ಬಣ್ಣದ ದಾರ, ಹೆಗಲಿಗೆ ಜೋಳಿಗೆ, ಬರಿಗಾಲು. ಐದು ಮನೆ ಬೇಡಲು ಹೊರಟಿದ್ದಳು. ಮುದುಕಿಯರು ಬಗ್ಗಿ ಅವಳ ಕಾಲು ಮುಟ್ಟಿ, ಸಕ್ಕರೆ, ಹಬ್ಬದ ಸಿಹಿರೊಟ್ಟಿ ಚೊಂಗ್ಯ ಜೋಳಿಗೆಗೆ ಹಾಕುತ್ತಿದ್ದರು. ಅವಳೋ ಎಲ್ಲರ ತಲೆಯ ಮೇಲೂ ನವಿಲುಗರಿ ಇಟ್ಟು "ನಿನಗ ಚಲೋ ಆಗ್ತೈತಿ, ನಿನಗೂ ಆಗ್ತೈತಿ" ಎಂದು ಹಂಚಿಬಿಡುತ್ತಿದ್ದಳು. ಎಂಥ ಕಳೆ ಮುಖದಲ್ಲಿ! ಅಷ್ಟು ಚೆಂದ ನಾನು ಅವಳನ್ನು ಮುಂದೆಂದೂ ನೋಡಲಿಲ್ಲ.

"ನೋಡಿದೇನು?" ಅಂದಳು ಅವ್ವ, ಗೆದ್ದ ದನಿಯಲ್ಲಿ. "ಫಕೀರ ಆದಾಗಿಂದ ಒಂದು ಲೋಟ ಬಿದ್ದಿಲ್ಲ, ಒಂದು ಅಗಳು ಚೆಲ್ಲಿಲ್ಲ. ಒಮ್ಮೆರ ಎಡವಿ ಬಿದ್ಲಾ? ಕೇಳು ಊರಾಗ."

ನಿಜ. ಬಿದ್ದಿರಲಿಲ್ಲ. ಬೀಳುವುದು ಹೇಗೆ? ಫಕೀರರ ಅಂಗಿಗೆ ಗುಂಡಿ ಇಲ್ಲ. ಫಕೀರರು ಚಪ್ಪಲಿ ಮೆಟ್ಟುವಂತಿಲ್ಲ. ಶಾಲೆಗೆ ಹೋಗಿರಲಿಲ್ಲ, ಹಾಗಾಗಿ ಪೆನ್ಸಿಲ್ ಇಲ್ಲ. ಅನ್ನ ಕಲಸಿ ಉಣ್ಣುವ ಕೆಲಸವೇ ಇರಲಿಲ್ಲ. ಚೊಂಗ್ಯದ ತುಂಡು, ಬೆಲ್ಲ, ರೊಟ್ಟಿಯ ಚೂರು. ಅದೂ ಅರ್ಧ ಯಾರಾದರೂ ಬಾಯಿಗೇ ಇಡುತ್ತಿದ್ದರು. ನೀರು ಕುಡಿಯಬೇಕೆಂದರೆ ಲೋಟವನ್ನು ತುಟಿಗೆ ಹಿಡಿಯುವವರು ಹತ್ತು ಜನ. ದೇವರಾದ ಮಗುವಿಗೆ ಯಾರೂ ಬೇಗ ಮಾಡು ಎಂದು ಹೇಳುವುದಿಲ್ಲ. ಅವಸರ ಇಲ್ಲ, ಬೈಗಳಿಲ್ಲ. ಹಾಗಿದ್ದರೆ ಎಂಥ ಕೈಯೂ ಅರ್ಧ ಸರಿಹೋಗುತ್ತದೆ. ಇದನ್ನೆಲ್ಲ ನಾನು ಅವ್ವನಿಗೆ ಬಿಡಿಸಿ ಹೇಳಿದೆ. ಹಬ್ಬದ ಗದ್ದಲದಲ್ಲಿ ಹೇಳಿದೆ, ಆಮೇಲೆ ಮನೆಯಲ್ಲೂ ಹೇಳಿದೆ. "ಓದಿದೋರು ದೇವರ ಕೆಲಸಕ್ಕೂ ಕಾರಣ ಹುಡುಕ್ತೀರವ್ವ" ಅಂದಳು.

ಸಂಜೆ ದೇವರು ಹೊಳೆಗೆ ಹೊರಟವು. ಕೋಲಿನ ತುದಿಗೆ ಕಟ್ಟಿದ ಬೆಳ್ಳಿಯ ಹಸ್ತ ನಮ್ಮೂರ ಪೀರ. ಅಲಾಯಿಯ ಬೆಂಕಿಯ ಸುತ್ತ ಹಲಗೆ ಬಡಿತಕ್ಕೆ ಜನ ಹೆಜ್ಜೆ ಹಾಕುತ್ತಿದ್ದರು. ಗಾದಿಲಿಂಗ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಣಿಯುತ್ತಿದ್ದ. ಕುಣಿದು ಬಂದವನು ನನ್ನ ಕೈ ಹಿಡಿದು ಗಳಗಳ ಅತ್ತ.

"ಯಕ್ಕಾ, ನನ್ನ ಮಗಳಿಗೆ ಕೈ ಬಂತು. ಪೀರಾ ಕೊಟ್ಟುಬಿಟ್ಟ ಯಕ್ಕಾ."

"ಚಲೋ ಆತು ಗಾದಿ. ಈ ಶನಿವಾರ ಮರೀಬ್ಯಾಡ. ಕಳಸು."

ಅವನ ಮುಖ ಸಣ್ಣದಾಯಿತು. "ಇನ್ಯಾತರ ಶನಿವಾರ? ದೇವರು ಕೊಟ್ಟ ಮ್ಯಾಲ ಮತ್ತ ಥೆರಪಿಗೆ ಹೋದ್ರ ಅವನ ಮ್ಯಾಲ ನಂಬಿಗಿ ಇಲ್ಲ ಅಂದಂಗ ಆಗ್ತೈತಿ. ಕೊಟ್ಟಿದ್ದನ್ನ ವಾಪಸ್ ತಗೊಂಡ್ರ?"

ಅಂಜಿಕೆ ಅವನದು, ಹಟವಲ್ಲ. ಅದಕ್ಕೇ ಮುರಿಯಲಾಗಲಿಲ್ಲ. ಹಟವಾಗಿದ್ದರೆ ನಾನು ಜಗಳ ಮಾಡಿ ಗೆಲ್ಲುತ್ತಿದ್ದೆ. ಫಕೀರಿ ಅಪ್ಪನ ಹೆಗಲ ಮೇಲಿಂದ ತನ್ನ ಎರಡೂ ಕೈ ಮುಂದೆ ಚಾಚಿ, ಹೊಸ ಬಳೆ ನೋಡುವಂತೆ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು.

ಹಬ್ಬ ಮುಗಿಯಿತು. ಹಸಿರು ಅಂಗಿ ಪೆಟ್ಟಿಗೆ ಸೇರಿತು. ಶಾಲೆಯ ಅಂಗಿ, ಅದರ ಗುಂಡಿ, ಚಪ್ಪಲಿ, ಪೆನ್ಸಿಲ್, ಅನ್ನದ ತಟ್ಟೆ ಎಲ್ಲ ಒಟ್ಟಿಗೆ ವಾಪಸ್ಸು ಬಂದವು. ಮರುದಿನವೇ ಲೋಟ ಬಿತ್ತು.

ಇಲ್ಲಿಂದ ಮುಂದಿನದ್ದೇ ನನ್ನ ಹೊಟ್ಟೆ ಉರಿಸುವುದು. ಮೊಹರಮ್ಮಿಗೆ ಮುಂಚೆ ಅವಳು ಚೆಲ್ಲಿದರೆ, "ಪಾಪ, ಕೈ ಮೆತ್ತಗೈತಿ" ಅನ್ನುತ್ತಿದ್ದರು. ಈಗ ಪಾಪ ಅನ್ನುವ ಹಾದಿಯೇ ಮುಚ್ಚಿಹೋಗಿತ್ತು. ಪೀರ ಕೈ ಕೊಟ್ಟದ್ದನ್ನು ಊರೇ ಕಣ್ಣಾರೆ ಕಂಡಿದೆ. ದೇವರು ಸುಳ್ಳಾಗುವಂತಿಲ್ಲ. ಅಂದಮೇಲೆ ತಪ್ಪು ಯಾರದು? ಹುಡುಗಿಯದು. ಇದ್ದ ಕೈಯನ್ನು ಬೇಕಂತಲೇ ಬಳಸುವುದಿಲ್ಲ, ಸೊಕ್ಕು. ಯಾರೂ ಕೂತು ಹೀಗೆ ಲೆಕ್ಕ ಹಾಕಲಿಲ್ಲ, ಆದರೆ ಎಲ್ಲರೂ ಅಲ್ಲಿಗೇ ಬಂದು ನಿಂತರು. ಅವಳ ಶಾಲೆಯವರೂ ಅಲ್ಲಿಗೇ ಬಂದರು.

ಅದರಲ್ಲೂ ಅನ್ನ. ಮೊಣಕಾಲುದ್ದ ಕೆಸರಿನಲ್ಲಿ ನಿಂತು ನೆಲ್ಲು ಬೆಳೆಯುವವನ ಮನೆಯಲ್ಲಿ ಅನ್ನ ಚೆಲ್ಲುವುದೆಂದರೆ ಲಕ್ಷ್ಮಿಯನ್ನು ಒದ್ದಂತೆ. ಮಗಳ ಮೇಲೆ ಎಂದೂ ಕೈ ಎತ್ತದಿದ್ದ ಗಾದಿಲಿಂಗ ಹೊಡೆಯಲು ಶುರುಮಾಡಿದ. ಹುಲಿಗೆಮ್ಮ ಫೋನಿನಲ್ಲಿ ಪಿಸುಗುಟ್ಟಿ ಹೇಳಿದಳು. ನಾನು ಕೂಡಲೇ ಅವನಿಗೆ ಫೋನು ಹಚ್ಚಿ ಬಾಯಿಗೆ ಬಂದಂತೆ ಬೈದೆ. "ಗಿಡ ಆಗಿದ್ದಾಗ ಬಗ್ಗಲಿಲ್ಲಂದ್ರ ಮರ ಆದ ಮ್ಯಾಲ ಬಗ್ಗೀತೇನಕ್ಕಾ? ದೇವರು ಕೊಟ್ಟಿದ್ದಕ್ಕ ಬೆಲಿ ಇಲ್ಲ ಇಕಿಗೆ" ಅಂದ. ಮುಜಾವರ ಖಾಸಿಂಸಾಬ್ ಮಾಮನಿಗೂ ಹೇಳಿಕಳಿಸಿದೆ. ಊರಿನ ಪೀರನ ಸೇವೆ ತಲೆತಲಾಂತರದಿಂದ ಅವರ ಮನೆಯದು, ಅವರ ಮಾತನ್ನಾದರೂ ಕೇಳಿಯಾನು ಎಂದು. ಪಾಪ, ಅವರು ಮನೆಯ ತನಕ ಹೋಗಿ, "ಪೀರಾ ಕೂಸಿನ ಹೊಡಿ ಅಂತ ಯಾವತ್ತೂ ಹೇಳಿಲ್ಲಪಾ ಗಾದಿ. ಔಷಧ, ಉಪಚಾರ ಬ್ಯಾಡ ಅಂತಾನೂ ಹೇಳಿಲ್ಲ" ಅಂದರಂತೆ. ಅವರ ಎದುರಿಗೆ ಹೂಂ ಅಂದ. ಅವರು ಅತ್ತ ಹೋದಮೇಲೆ, "ಮಾಮಾ ಮೆತ್ತನ ಮನಿಷಾ" ಅಂದನಂತೆ.

ದೀಪಾವಳಿಗೆ ಊರಿಗೆ ಹೋದಾಗ ಗದ್ದೆ ಬಂಗಾರದ ಬಣ್ಣಕ್ಕೆ ತಿರುಗಿತ್ತು. ಅಂಥ ಬಾಯಿಯ ಹುಡುಗಿ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದಳು. ಊಟಕ್ಕೆ ಕೂತೆವು. ತುತ್ತು ಎತ್ತುವಾಗ ಬೆರಳ ಸಂದಿಯಿಂದ ಅನ್ನ ಜಾರಿ ಚಾಪೆಯ ಮೇಲೆ ಬಿತ್ತು. ಗಾದಿಲಿಂಗ ತಲೆ ಎತ್ತಿದ. ಅವನು ಬಾಯಿ ತೆರೆಯುವ ಮೊದಲೇ ಫಕೀರಿ ಹೇಳಿದಳು, "ಬೇಕಂತ ಚೆಲ್ಲೀನಪ್ಪ."

ಒಂದು ಏಟು ಬಿತ್ತು. ಅಲ್ಲಿಗೆ ಮುಗಿಯಿತು. ಅವಳು ಅಳಲೂ ಇಲ್ಲ, ಮುಂದಿನ ತುತ್ತು ಕಲಸತೊಡಗಿದಳು.

ಆಮೇಲೆ ಹಿತ್ತಲಲ್ಲಿ ಅವಳನ್ನು ಹಿಡಿದು ಕೇಳಿದೆ: "ಯಾಕವ್ವ ಸುಳ್ಳು ಹೇಳ್ತಿ? ಕೈ ಜಾರಿದ್ದು ನಾ ನೋಡೀನಲ್ಲ?"

"ಬೇಕಂತ ಅಂದ್ರ ಒಂದೇ ಏಟು ಅತ್ತಿ. ಗೊತ್ತಿಲ್ಲ ಅಂದ್ರ, ಯಾಕ ಗೊತ್ತಿಲ್ಲ, ಹೇಳು, ಹೇಳು ಅಂತ ಬಾಳ ಹೊತ್ತು ಹೊಡಿತಾನ."

ಆರು ದಾಟಿ ಏಳಕ್ಕೆ ಬಿದ್ದ ಮಗು ಕಂಡುಕೊಂಡ ಉಪಾಯ. ಅವತ್ತು ಗಾದಿಲಿಂಗನೊಂದಿಗೆ ಅಂಗಳದಲ್ಲಿ ನಿಂತು ಜಗಳವಾಡಿದೆ. ಅವನು "ತಾನೇ ಒಪ್ಕೊಂತಾಳಲ್ಲ, ಕೇಳ್ಸಲಿಲ್ಲೇನು?" ಅಂದ. ಅವನಿಗೆ ಬೇಕಾಗಿದ್ದ ಸಾಕ್ಷಿಯನ್ನು ಆ ಹುಡುಗಿಯೇ ದಿನಾ ಕೊಡುತ್ತಿದ್ದಳು.

ಹೀಗೇ ಒಂದು ವರ್ಷ ನಡೆಯಿತು. ಮುಂದಿನ ಮಳೆಗಾಲದ ಒಂದು ಶನಿವಾರ ಹುಲಿಗೆಮ್ಮ ಯಾರಿಗೂ ಹೇಳದೆ ಮಗಳನ್ನು ಕರೆದುಕೊಂಡು ಪಾರ್ವತಿನಗರಕ್ಕೆ ಬಂದಳು. ಕೈಯಲ್ಲಿ ಒಂದು ಬಟ್ಟೆ ಚೀಲ. "ಇಲ್ಲೇ ಇಟ್ಕೋ ಯಕ್ಕಾ. ಬೈದ್ರ ನನಗ ಬೈಲಿ. ನನ್ನ ಕೈಲೆ ನೋಡಾಕ ಆಗವಲ್ದು" ಅಂದಳು. ಬಾಯಿಲ್ಲದ ಹೆಣ್ಣು ಎಂದುಕೊಂಡಿದ್ದೆವಲ್ಲ, ಮನೆಯಲ್ಲಿ ಎಲ್ಲರಿಗಿಂತ ಗಟ್ಟಿ ಕೆಲಸ ಮಾಡಿದವಳು ಅವಳೇ.

ಮತ್ತೆ ಥೆರಪಿಯ ಮೇಡಂ ಹತ್ತಿರ ಹೋದೆವು. ಅವರು ಅದೇ ದಾರ, ಅದೇ ಮಣಿ ಮುಂದಿಟ್ಟರು. ಮೊದಲ ಮಣಿ ಜಾರಿ ಉರುಳಿತು. "ಬೇಕಂತ ಬೀಳ್ಸೀನ್ರಿ" ಅಂದಳು ಫಕೀರಿ. ಮೇಡಂ ಕೆಳಗೆ ಬಗ್ಗಿ ಮಣಿ ಎತ್ತಿ ಅವಳ ಕೈಗೇ ಕೊಟ್ಟರು. ಹೊರಗೆ ಬಂದು ನನಗೆ ಹೇಳಿದರು, "ಕೈ ಸರಿ ಹೋಗ್ತೈತಿ ಟೀಚರ್, ತಡ ಆಗಿದ್ರೂ ಆಗ್ತೈತಿ. ಇದಕ್ಕ ಮಾತ್ರ ನನ್ನ ಹತ್ರ ಎಕ್ಸರ್‌ಸೈಜ್ ಇಲ್ಲ."

ಅವರು ಹೇಳಿದಂತೆಯೇ ಆಯಿತು. ಎರಡು ವರ್ಷ ನನ್ನ ಮನೆಯಲ್ಲೇ ಇದ್ದು ಫಕೀರಿ ಗುಂಡಿ ಹಾಕಲು ಕಲಿತಳು, ಜಡೆ ಹೆಣೆದುಕೊಳ್ಳಲು ಕಲಿತಳು. ಅಕ್ಷರ ನಿಧಾನ, ಆದರೆ ಓದಬಹುದು. ಅನ್ನವನ್ನು ಚಮಚದಲ್ಲಿ ಉಣ್ಣುತ್ತಾಳೆ, ಯಾರೂ ಏನೂ ಅನ್ನುವುದಿಲ್ಲ.

ಹೋದ ದಸರೆಗೆ ಗಾದಿಲಿಂಗ ಮಗಳನ್ನು ನೋಡಲು ಬಂದಿದ್ದ. ಮೇಡಂ ಅವನನ್ನೂ ಕರೆದುಕೊಂಡು ಬನ್ನಿ ಎಂದು ಎಂದಿನಿಂದಲೋ ಹೇಳುತ್ತಿದ್ದರು. ಹೇಗೋ ಒಪ್ಪಿಸಿ ಒಯ್ದೆ. ಅವನ ಎರಡೂ ಕೈಗೆ ದಪ್ಪನೆಯ ಕೈಗವಸು ಹಾಕಿ, ಅಂಗಿಯ ಗುಂಡಿ ಬಿಚ್ಚಿ ಮತ್ತೆ ಹಾಕಿಕೊಳ್ಳಿ ಅಂದರು. ನಾಟಿಯಲ್ಲಿ ಊರಿಗೇ ಬೆರಳು ಚುರುಕು ಎಂದು ಹೆಸರಾದವನು. ಒಂದೂ ಹಾಕಲಾಗಲಿಲ್ಲ. ಮೇಡಂ ಪಕ್ಕದಲ್ಲಿ ನಿಂತು, "ಲಗೂ ಮಾಡ್ರಿ. ಇಷ್ಟೂ ಬರಂಗಿಲ್ಲೇನ್ರಿ? ಬೇಕಂತ ಮಾಡ್ತೀರಿ ನೀವು" ಎಂದು ಬೈಯುತ್ತಲೇ ಇದ್ದರು. ಅವನ ಹಣೆಯಿಂದ ಬೆವರು ಇಳಿಯಿತು. ಸ್ವಲ್ಪ ಹೊತ್ತಿಗೆ ಕೈಗವಸಿನಲ್ಲೇ ಮುಖ ಮುಚ್ಚಿಕೊಂಡು ಕೂತುಬಿಟ್ಟ.

ಮನೆಗೆ ಬಂದವನು ನೇರ ಮಗಳ ಮುಂದೆ ನೆಲದ ಮೇಲೆ ಕೂತ. ಅವಳು ಹೋಂವರ್ಕ್ ಬರೆಯುತ್ತಿದ್ದಳು.

"ಫಕೀರಿ, ನೀ ಬೇಕಂತ ಚೆಲ್ಲಲಿಲ್ಲವ್ವ. ನಿನ್ನ ಕೈಲೆ ಆಗ್ತಿರಲಿಲ್ಲ. ನನಗ ತಿಳೀಲಿಲ್ಲ. ಸುಳ್ಳೇ ಹೊಡ್ದೆ ನಿನ್ನ, ಸುಳ್ಳೇ ಹೊಡ್ದೆ" ಎಂದು ಅತ್ತ.

ಈ ಮಾತಿಗಾಗಿಯೇ ಅಷ್ಟು ದಿನ ಕಾದಿದ್ದೆ ನಾನು. ಅಪ್ಪನೇ ಬಂದು ಹೇಳಿದರೆ ಅವಳ ಮನಸ್ಸಿನ ಮೇಲಿನ ಕಲ್ಲು ಇಳಿಯುತ್ತದೆ ಎಂದು ನಂಬಿದ್ದೆ. ಫಕೀರಿ ಪೆನ್ಸಿಲ್ ಕೆಳಗಿಟ್ಟು ಅಪ್ಪನ ಕಣ್ಣು ಒರೆಸಿದಳು.

"ಅಳಬ್ಯಾಡಪ್ಪ. ನಿಂದೇನು ತಪ್ಪೈತಿ? ಪೀರಾ ನನಗ ಕೈ ಕೊಟ್ಟಿದ್ದ. ನಾನೇ ಕೆಟ್ಟಾಕಿ ಇದ್ದೆ, ಅದಕ್ಕ ಚೆಲ್ತಿದ್ದೆ. ಈಗ ಸುಧಾರ್ಸೀನಿ."

ಇಲ್ಲವ್ವ, ಹಂಗಲ್ಲ ಎಂದು ನಾವಿಬ್ಬರೂ ಒಟ್ಟಿಗೇ ಹೇಳಿದೆವು. ಮತ್ತೆ ಮತ್ತೆ ಹೇಳಿದೆವು. ಅವಳು ದೊಡ್ಡವರ ಸಮಾಧಾನಕ್ಕೆ ಹೂಂ ಹೂಂ ಎಂದು ತಲೆಯಾಡಿಸಿದಳು. ನಂಬಲಿಲ್ಲ.